ಬಿದ್ರಿ ಗಾಲಿಯ ಕಾರು

ಹೇಳಿಕೆ ಕೊಡುವವನ ಹೆಸರು: ಮಚ್ಛೇಂದ್ರ ತಂದೆ ಕಾಶೀರಾಮ. ವಯಸ್ಸು: ನಲವತ್ತನಾಲ್ಕು. ಧರ್ಮ: ಬೌದ್ಧ (ಮೂರು ತಿಂಗಳಿಂದ). ಉದ್ಯೋಗ: ಹರಾಜಿನಲ್ಲಿ ಕೊಂಡ ಹಳೆಯ ಸಾಮಾನಿನ ವ್ಯಾಪಾರ. ಮೂಲ ಊರು: ಔರಾದ. ಈಗಿನ ವಾಸ: ಮೈಲೂರ, ಬೀದರ.

ಮಕ್ಬೂಲನು ತನ್ನ ಹೆಂಡತಿ ಆಬೇದಾಳ ಮೇಲೆ ಎಣ್ಣೆ ಸುರಿದು ಸುಟ್ಟು ಕೊಂದನೆಂದು ಆಕೆಯ ಅಣ್ಣ ಬದ್ರೋದ್ದೀನನು ಕೊಟ್ಟ ದೂರಿನ ಬಗ್ಗೆ ಠಾಣೆಗೆ ಕರೆಸಿ ಕೇಳಿದ್ದಕ್ಕೆ, ಆ ಹೊತ್ತಿನಲ್ಲಿ ಅಲ್ಲಿಯೇ ಇದ್ದ ನಾನು ಈ ಮೂಲಕ ಬರೆಸುವುದೇನೆಂದರೆ:

ಮಕ್ಬೂಲನು ಚೌಬಾರಾ ಹಿಂದಿನ ಓಣಿಯಲ್ಲಿ ಬಿದ್ರಿ ಕೆಲಸ ಮಾಡುವವನು. ಅವನನ್ನು ಹನ್ನೊಂದು ವರ್ಷಗಳಿಂದ ಬಲ್ಲೆ. ಹುಕ್ಕಾ, ಸುರಾಹಿ, ಪಾನದಾನ ಮಾಡುತ್ತಿದ್ದನು. ಜಹಗೀರುಗಳು ಹೋದ ಮೇಲೆ ಇವನ್ನು ಕೊಳ್ಳುವವರು ಹೋದರು, ಮಾರುವವರು ಮಾತ್ರ ಉಳಿದರು; ಅವರೂ ನನ್ನ ಅಂಗಡಿಗೇ ಬರುತ್ತಾರೆ. ಕಳೆದ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಹೊಸ ಅಧಿಕಾರಿಗಳು ಬಂದರು. ಅವರಲ್ಲಿ ಯಾರೂ ಹುಕ್ಕಾ ಸೇದಿದ್ದನ್ನು ನಾನು ಕಂಡಿಲ್ಲ. ಜೀಪು ನಿಂತ ಕಡೆಯಲ್ಲೆಲ್ಲ ಇಳಿದು ಬಾನೆಟ್ಟು ಎತ್ತಿ ನೋಡುವುದನ್ನು ಮಾತ್ರ ಕಂಡಿದ್ದೇನೆ.

25-11-1956ರಂದು ಭಾಲ್ಕಿಯಲ್ಲಿ ಒಬ್ಬ ಜಹಗೀರದಾರರ ದೇವಡಿಯ ಸಾಮಾನು ಹರಾಜಾಯಿತು. ನಾನು ಎರಡು ಗ್ಯಾಸಬತ್ತಿ ಮತ್ತು ಒಂದು ಮುರಿದ ಗ್ರಾಮಫೋನು ಕೊಂಡೆ. ಅವುಗಳ ಜೊತೆ ಒಂದು ರಟ್ಟಿನ ಡಬ್ಬಿಯನ್ನು ಬೇಡವೆಂದರೂ ಕಟ್ಟಿಕೊಟ್ಟರು. ಮುಚ್ಚಳದ ಮೇಲೆ ರೇಸಿನ ಕಾರಿನ ಬಣ್ಣದ ಚಿತ್ರ ಇತ್ತು. ಒಳಗೆ ಕಾರು ಇರಲಿಲ್ಲ, ಕಾರಿನ ತುಂಡುಗಳು ಇದ್ದವು; ಎಣಿಸಿದಾಗ ಎಪ್ಪತ್ತೊಂದು. ವಿಲಾಯಿತಿಯಲ್ಲಿ ಹೀಗೆಯೇ ಮಾರುತ್ತಾರೆ, ಕೊಂಡವನೇ ಕೂತು ಜೋಡಿಸಿಕೊಳ್ಳಬೇಕು ಎಂದು ದೇವಡಿಯ ಹಳೆಯ ಕಾರಕೂನನು ತಿಳಿಸಿದನು. ಗಿರಾಕಿಯ ಕೈಯಿಂದ ದುಡ್ಡನ್ನೂ ತೆಗೆದುಕೊಂಡು ಕೆಲಸವನ್ನೂ ಅವನಿಂದಲೇ ಮಾಡಿಸುವ ವ್ಯಾಪಾರವನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಳತೆ ಹದಿನಾರರಲ್ಲಿ ಒಂದು ಪಾಲು ಎಂದೂ ಅವನು ಓದಿ ಹೇಳಿದನು. ಅಂದರೆ ರೂಪಾಯಿಗೆ ಒಂದಾಣೆ ಎಷ್ಟೋ ನಿಜವಾದ ಕಾರಿಗೆ ಈ ಕಾರು ಅಷ್ಟು. ತುಂಡುಗಳು ಬಾಚಣಿಗೆ ಮಾಡುವ ಪದಾರ್ಥದವು (ಕಾರಕೂನನು ಸೆಲ್ಯುಲಾಯ್ಡು ಎಂದನು), ಕೆಂಪಗೆ, ತೆಳ್ಳಗೆ, ಊದಿದರೆ ಹಾರುವಷ್ಟು ಹಗುರ. ರಬ್ಬರಿನ ನಾಲ್ಕು ಗಾಲಿಗಳು ಮಾತ್ರ ಒಣಗಿ ಪುಡಿಯಾಗಿದ್ದವು.

ಮರುದಿನ ಡಬ್ಬಿಯನ್ನು ಮಕ್ಬೂಲನ ಮನೆಗೆ ಒಯ್ದೆ. ಗಾಲಿಗಳನ್ನೂ ಕೆಳಗಿನ ತಗಡನ್ನೂ ಬಿದ್ರಿ ಲೋಹದಲ್ಲಿ ಎರಕ ಹೊಯ್ದು, ಗಾಲಿಯ ಕಡ್ಡಿಗಳನ್ನು ಬೆಳ್ಳಿ ತಂತಿಯಲ್ಲಿ ಕೂಡಿಸಬೇಕು, ಒಬ್ಬ ಹೊಸ ಸಾಹೇಬರ ಮೇಜಿನ ಮೇಲೆ ಒಂದು ಕಾರು ನಿಂತರೆ ಉಳಿದ ಸಾಹೇಬರು ತಾವೇ ಹುಡುಕಿಕೊಂಡು ಬರುತ್ತಾರೆ ಎಂದು ತಿಳಿಸಿದೆ. ಮಕ್ಬೂಲನು, “ಅಜ್ಜ ಮುತ್ತ್ಯಾನ ಕಾಲದಿಂದ ಹುಕ್ಕಾ ಮಾಡೇವಿ. ಈಗ ಮಕ್ಕಳ ಆಟದ ಸಾಮಾನ ಮಾಡು ಅಂತೀರೇನ್ರಿ?” ಅಂದನು. ಆಬೇದಾಳು ಪರದೆಯ ಹಿಂದಿನಿಂದ, “ಹುಕ್ಕಾ ಸೇದೋರು ಹೋದ್ರು, ಕಾರ ಓಡಿಸೋರು ಬಂದ್ರು. ನಾವು ಯಾರಿಗಿ ಮಾರಬೇಕು, ಹೋದೋರಿಗೇನು? ಮಚ್ಛೇಂದ್ರ ಭಾಯಿ, ಡಬ್ಬಿ ಇಲ್ಲೇ ಇಟ್ಟು ಹೋಗ್ರಿ. ನೀವು ಓಣಿ ದಾಟೂದ್ರಾಗ ಇವರು ಬಿಚ್ಚಿ ನೋಡ್ತಾರ” ಅಂದಳು. ನಾನು ಓಣಿಯ ತಿರುವಿನಿಂದ ಹಿಂತಿರುಗಿ ಬಂದು ನೋಡಿದಾಗ ಹಾಗೆಯೇ ಆಗಿತ್ತು.

ಡಿಸೆಂಬರ ಪೂರ್ತಿ ಇಬ್ಬರೂ ಅದೇ ಕೆಲಸಕ್ಕೆ ಕೂತರು. ಆ ಗಡಿಬಿಡಿಯಲ್ಲಿ ಆಬೇದಾಳು ನನ್ನೆದುರಿನ ಪರದೆಯನ್ನೂ ಬಿಟ್ಟಳು. ಡಬ್ಬಿಯಲ್ಲಿ ಬಂದ ಕಾಗದದ ಚಿತ್ರಗಳನ್ನು ನೋಡಿಕೊಂಡು ಜೋಡಿಸುತ್ತಿದ್ದರು. ಅಕ್ಷರ ಇಂಗ್ಲಿಷು, ನಮ್ಮ ಮೂವರಿಗೂ ಬಾರದು. ಆಬೇದಾಳು ತುಂಡುಗಳ ಅಂಚನ್ನು ತಿಕ್ಕಿ ನಯ ಮಾಡುವಳು, ಮಕ್ಬೂಲನು ಚಿಮಟಿಗೆಯಲ್ಲಿ ಹಿಡಿದು ಅಂಟಿಸುವನು. ಎಂಜಿನ್ನಿನ ಹೊಗೆಕೊಳವೆಗಳು ಎಂಟೂ ಬೇರೆ ಬೇರೆ ಬಂದಿದ್ದವು; ಒಂದು ಕೂತು ಒಣಗಿದ ಮೇಲೆ ಇನ್ನೊಂದು. ಕೋಟಿನ ಗುಂಡಿಯಷ್ಟೇ ಇದ್ದ ಸ್ಟಿಯರಿಂಗ್ ಚಕ್ರವು ಒಮ್ಮೆ ಕೈಜಾರಿ, ಗಂಡ ಹೆಂಡತಿ ಇಬ್ಬರೂ ಮಂಡಿಯೂರಿ ಕೋಣೆಯೆಲ್ಲ ಹುಡುಕುತ್ತಿದ್ದುದನ್ನು ನಾನೇ ಕಂಡಿರುತ್ತೇನೆ. ಅದು ಮಕ್ಬೂಲನ ಗಡ್ಡದಲ್ಲಿ ಸಿಕ್ಕಿತು. ಇವರಿಬ್ಬರ ನಡುವೆ ಬಾಳುವೆ ಹೇಗಿತ್ತು ಎಂದು ಕೇಳಿದ್ದಕ್ಕೆ ಇದನ್ನು ಹೇಳಿದ್ದೇನೆ.

ಇಲ್ಲಿ ಒಂದು ಸಂಗತಿ ಬರೆದುಕೊಳ್ಳಬೇಕು. ಬಿದ್ರಿ ಲೋಹ ಎರಕದಿಂದ ಬಂದಾಗ ಬೂದಿ ಬಣ್ಣ ಇರುತ್ತದೆ. ಅದನ್ನು ಬೆಚ್ಚಗೆ ಮಾಡಿ, ಕೋಟೆಯೊಳಗಿನ ಮಣ್ಣನ್ನು ನವಸಾಗರದ ಜೊತೆ ಕಲಸಿ ತಿಕ್ಕಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಕಪ್ಪು ಏರಿಸುವುದು ಇವರಲ್ಲಿ ಕೊನೆಯ ಕೆಲಸ. ಹುಕ್ಕಾದ ಎಲ್ಲ ಭಾಗಗಳನ್ನು ಕೂಡಿಸಿ ಮುಗಿಸಿದ ಮೇಲೆಯೇ ಮಣ್ಣು ಹಚ್ಚುತ್ತಾರೆ. ಮೊದಲೇ ಹಚ್ಚಿದರೆ ಕೂಡಿಸುವಾಗ ಬೆರಳು ತಾಗಿ ಕಪ್ಪು ಕೆಡುತ್ತದೆ ಎನ್ನುತ್ತಾರೆ. ಮಕ್ಬೂಲನ ತಂದೆಯೂ ಹಾಗೆಯೇ ಮಾಡುತ್ತಿದ್ದನು. ಆದ್ದರಿಂದ ಮಕ್ಬೂಲನು ಬೂದಿ ಬಣ್ಣದ ಗಾಲಿಗಳನ್ನೇ ಕಾರಿಗೆ ಕೂಡಿಸಿ, ಕಪ್ಪನ್ನು ಕೊನೆಗೆ ಉಳಿಸಿಕೊಂಡನು.

9-1-1957, ಬುಧವಾರ, ಮಧ್ಯಾಹ್ನ ಸುಮಾರು ಹನ್ನೆರಡು ಗಂಟೆಗೆ ನಾನು ಅಲ್ಲಿಗೆ ಹೋದೆ. ಓಡಿಸುವವನ ಗೊಂಬೆ ಒಂದು ಬಿಟ್ಟು ಕಾರು ಮುಗಿದಿತ್ತು. ಗೊಂಬೆ ತೋರುಬೆರಳಿನಷ್ಟು ಉದ್ದ, ಕೂತ ಭಂಗಿ, ಅದೇ ಬಾಚಣಿಗೆಯ ಪದಾರ್ಥದ್ದು. ಅದಕ್ಕೆ ಬಣ್ಣ ಬಳಿಯುವ ಕೆಲಸ ಆಬೇದಾಳದು. ಅವಳು ಕಣ್ಣು ಬರೆದು, ಕಣ್ಣಿಗೆ ಸುರ್ಮಾ ಹಚ್ಚಿ, ಕೆಳಗೆ ಮೀಸೆ ಬರೆದಿದ್ದಳು. ಮೀಸೆಯ ಎಡಭಾಗ ಗಿಡ್ಡ ಇತ್ತು. ಬದ್ರೋದ್ದೀನನಿಗೆ ಎಡ ತುಟಿಯ ಮೇಲೆ ಹಳೆಯ ಗಾಯದ ಗುರುತಿದೆ, ಆ ಕಡೆ ಮೀಸೆ ಬೆಳೆಯುವುದಿಲ್ಲ. ಇದನ್ನು ಠಾಣೆಯ ಸಾಹೇಬರು ಈಗಲೇ ನೋಡಿಕೊಳ್ಳಬಹುದು, ಅವನು ಎದುರಿಗೇ ಬೆಂಚಿನ ಮೇಲೆ ಇದ್ದಾನೆ.

ಪಕ್ಕದ ಮನೆಯ ಅಬ್ದುಲ ಗಫೂರನು ಆ ದಿನ ಮಧ್ಯಾಹ್ನ ಗಂಡ ಹೆಂಡತಿಯ ಕೂಗಾಟ ಕೇಳಿದೆನೆಂದು ಹೇಳಿಕೆ ಕೊಟ್ಟಿದ್ದಾನಂತೆ. ಕೂಗಾಟ ಆದದ್ದು ನಿಜ. ಮಕ್ಬೂಲನು ಗೊಂಬೆ ನೋಡಿ, “ಡಬ್ಬಿ ಮ್ಯಾಲಿನ ಚಿತ್ರದಾಗ ಮೀಸಿ ಎಲ್ಲದ? ಇಂವ ನಿನ್ನ ಅಣ್ಣ ಇದ್ದಾನ!” ಅಂದನು. ಆಬೇದಾಳು, “ಹೌದು, ಭಾಯಿಜಾನರೇ. ಅವರು ಕಾರಿನಾಗ ಕೂಡೋದು ಇದೊಂದೇ ಸಲ, ಕೂಡಲಿ ಬಿಡ್ರಿ” ಅಂದಳು. “ಸೈಕಲ್ ಮ್ಯಾಲ ಕುಂತ್ರ ಬ್ರೇಕ್ ಹಿಡೀಲಾಕ ಬರಲ್ಲ, ರೇಸ್ ಓಡಿಸ್ತಾನ? ಅಳಸು ಆ ಮೀಸಿ!” “ಅಳಸಂಗಿಲ್ಲ!” “ಅಳಸು ಅಂದ್ರ ಅಳಸು!” “ಮೊದಲ ನಿಮ್ಮ ಗಡ್ಡ ತಗೀರಿ, ಆಮ್ಯಾಲ ಇದರ ಮೀಸಿ ತಗೀತೇನಿ!” ಇಷ್ಟೇ ಕೂಗಾಟ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಗೋಡೆಯ ಆಚೆಗೆ ಅದು ಕೇಳಿಸಿರಲಿಕ್ಕಿಲ್ಲ. ಆಬೇದಾಳು ಮೀಸೆ ಅಳಿಸದೆ ಗೊಂಬೆಯನ್ನು ಕಿಟಕಿಯ ಬಿಸಿಲಿನಲ್ಲಿ ಒಣಗಲು ಇಟ್ಟಳು.

ಮೂರೂ ಮುಕ್ಕಾಲಿಗೆ ಕಪ್ಪು ಏರಿಸಲು ಕೂತರು. ನಾನು ಹೊಸ್ತಿಲ ಮೇಲೆ ಇದ್ದೆ, ಇದ್ದಿಲಿನ ಶೆಗಡಿಯಿಂದ ನಾಲ್ಕು ಫೂಟು ದೂರ. ಮಕ್ಬೂಲನು ಕಾರಿನ ಕೆಳತಗಡನ್ನು ಇಕ್ಕಳದಲ್ಲಿ ಹಿಡಿದು, ಗಾಲಿಗಳಿಗೆ ಕಾವು ತಾಗುವಂತೆ, ಕೆಂಡದಿಂದ ಒಂದು ಗೇಣು ಮೇಲೆ ಹಿಡಿದನು. ಹುಕ್ಕಾವನ್ನು ಹಾಗೆಯೇ ಹಿಡಿಯುತ್ತಿದ್ದನು. ಕೈಗೆ ತಾಳುವಷ್ಟು ಬೆಚ್ಚಗಾದರೆ ಸಾಕು, ಅಷ್ಟು ಕಾವಿಗೆ ಕಾರಿನ ಮೈ ಬಾಗುವುದೂ ಇಲ್ಲ ಎಂದನು. ಆಬೇದಾಳು ಎದುರಿಗೆ ಮಣ್ಣಿನ ಬಟ್ಟಲು ಹಿಡಿದು, ಅವನು ಕಾರು ಕೊಡುವುದನ್ನೇ ಕಾಯುತ್ತ ಕೂತಿದ್ದಳು. ಸ್ವಲ್ಪ ಹೊತ್ತಿಗೆ, “ಕರ್ಪೂರದ ವಾಸನಿ ಬರ್ಲಾಕತ್ತದ. ಯಾರ ಮನ್ಯಾಗ ಪೂಜಾ?” ಅಂದಳು. ನನಗೂ ವಾಸನೆ ಬಂದಿತು. ನಾನು ಓಣಿಯ ಕಡೆ ತಿರುಗಿ ನೋಡಿದೆ. ಆ ಓಣಿಯಲ್ಲಿ ಪೂಜೆ ಮಾಡುವ ಮನೆಯೇ ಇಲ್ಲ. ವಾಸನೆ ಕಾರಿನದು.

ಮುಖ ಹಿಂದಕ್ಕೆ ತಿರುಗಿಸಿದಾಗ ಕಾರು ಕಾಣಲಿಲ್ಲ, ಇಕ್ಕಳದ ತುದಿಯಲ್ಲಿ ಮೊಳದುದ್ದದ ಉರಿ ಕಂಡಿತು. ಮಕ್ಬೂಲನ ಗಡ್ಡಕ್ಕೆ ತಾಗಿತು. ಅವನ ಕೈ ಬಿಟ್ಟಿತು. ಉರಿ ಆಬೇದಾಳ ಮಡಿಲಿಗೆ ಬಿದ್ದಿತು. ಎಸೆದನೋ ಬಿಟ್ಟನೋ ಎಂದು ಅಮೀನ ಸಾಹೇಬರು (ಹೊಸ ರಾಜ್ಯದಲ್ಲಿ ಸಬ್ ಇನ್ಸ್‌ಪೆಕ್ಟರ ಸಾಹೇಬರು ಎನ್ನಬೇಕಂತೆ, ನಾಲಿಗೆ ಇನ್ನೂ ಹೊರಳುವುದಿಲ್ಲ) ಮೂರು ಸಲ ಕೇಳಿದ್ದಾರೆ. ಮೂರು ಸಲವೂ ನಾನು ಹೇಳಿದ್ದು ಒಂದೇ: ಕೈ ಬಿಟ್ಟಿತು. ಉರಿ ಮುಖಕ್ಕೆ ಬಂದರೆ ನನ್ನ ಕೈಯೂ ಬಿಡುತ್ತಿತ್ತು, ಸಾಹೇಬರದೂ ಬಿಡುತ್ತಿತ್ತು. ಅವಳ ಓಢಣಿ ಹತ್ತಿಕೊಂಡಿತು. ಮಕ್ಬೂಲನು ಬರಿಯ ಅಂಗೈಗಳಿಂದ ಉರಿಯನ್ನು ಒತ್ತುತ್ತಿದ್ದನು. ಅಂಟಿಕೊಂಡ ಪದಾರ್ಥ ಅವನ ಕೈಗೂ ಹತ್ತಿ ಉರಿಯುತ್ತಿತ್ತು. ನಾನು ಕೊಡದ ನೀರು ಸುರಿದೆ. ಕೊಡ ಅರ್ಧವೇ ಇತ್ತು.

ಟಾಂಗಾದಲ್ಲಿ ದವಾಖಾನೆಗೆ ಒಯ್ದೆವು. ಹಾದಿಯಲ್ಲಿ ಆಬೇದಾಳು ಒಂದೇ ಮಾತು ಆಡಿದಳು: “ಗೊಂಬಿ ಕಿಡಕ್ಯಾಗ ಅದ. ಬಿಸಿಲು ಇಳಿದ್ರ ಒಳಗ ಇಡ್ರಿ.” ಗಂಡನ ಮೇಲೆ ಏನನ್ನೂ ಹೇಳಲಿಲ್ಲ. ಆಮೇಲೆ ಮಾತಾಡಲಿಲ್ಲ. 11ನೇ ತಾರೀಖು ಬೆಳಿಗ್ಗೆ ತೀರಿಕೊಂಡಳು. ಗೊಂಬೆಯನ್ನು ನಾನು 9ರ ಸಂಜೆಯೇ ತೆಗೆದು ನನ್ನ ಅಂಗಡಿಯ ಕಪಾಟಿನಲ್ಲಿ ಇಟ್ಟೆ.

ಬದ್ರೋದ್ದೀನನು ಭಾಲ್ಕಿಯಲ್ಲಿ ದರ್ಜಿ. ಮಣ್ಣು ಕೊಡುವ ಹೊತ್ತಿಗೆ ಬಂದು ಮುಟ್ಟಿದನು. ತಂಗಿ ಹೇಗೆ ಸುಟ್ಟಳು ಎಂದು ಕೇಳಿದ್ದಕ್ಕೆ ಮಕ್ಬೂಲನು ಆಟದ ಕಾರಿನಿಂದ ಎಂದನು. “ಆಟದ ಕಾರ? ಎಲ್ಲದ ಕಾರ? ತೋರಸು!”

ತೋರಿಸಲು ಕಾರು ಇರಲಿಲ್ಲ. ಆ ಪದಾರ್ಥ ಹಿಡಿ ಬೂದಿಯನ್ನೂ ಬಿಡುವುದಿಲ್ಲ. ಕೋಣೆಯಲ್ಲಿ ಸಿಕ್ಕಿದ್ದು ಖಾಲಿ ಡಬ್ಬಿ, ಮೂರು ಗಾಲಿ, ಒಂದು ತಗಡು, ಒಂದು ಎಣ್ಣೆ ಬಾಟಲಿ. ನಾಲ್ಕನೆಯ ಗಾಲಿ ಸಿಕ್ಕಿಲ್ಲ. ಎಣ್ಣೆ ಶೇಂಗಾದ್ದು, ಕಪ್ಪು ಏರಿಸಿದ ಮೇಲೆ ಹೊಳಪಿಗೆ ಹಚ್ಚುವಂಥದ್ದು. ಬಾಟಲಿ ಅರ್ಧ ಖಾಲಿ. ಬದ್ರೋದ್ದೀನನಿಗೆ ಕಂಡದ್ದು ಆ ಬಾಟಲಿ ಒಂದೇ. ಅವನ ಜಾಗದಲ್ಲಿ ನಾನಿದ್ದರೆ ನನಗೂ ಅದೇ ಕಾಣುತ್ತಿತ್ತು. 12ನೇ ತಾರೀಖು ದೂರು ಕೊಟ್ಟನು, ಅಂದಿನಿಂದ ಮಕ್ಬೂಲನು ಇಲ್ಲಿ ಲಾಕಪ್ಪಿನಲ್ಲಿ ಇದ್ದಾನೆ. ಎರಡೂ ಅಂಗೈಗೆ ಪಟ್ಟಿ ಕಟ್ಟಿದೆ. ಕೊಲೆಯ ಕೇಸಾದರೆ ಗಲ್ಲು ಎಂದು ಜಮಾದಾರ ಮಡೆಪ್ಪನು ಅವನಿಗೆ ತಿಳಿಸಿರುತ್ತಾನೆ.

ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಇದೆಲ್ಲವನ್ನೂ ಹೇಳಿದಾಗ, ಗೇಣುದ್ದದ ಆಟದ ಸಾಮಾನು ಹೆಂಗಸನ್ನು ಸುಟ್ಟಿತೆಂದು ಬರೆದು ಕಳಿಸಿದರೆ ಮೇಲಿನವರು ಕಾಗದವನ್ನು ಮುಖಕ್ಕೆ ಎಸೆಯುತ್ತಾರೆ ಎಂದು ಸಾಹೇಬರು ಅಂದರು. ನಾನು ಕರವಸ್ತ್ರ ಬಿಚ್ಚಿ ಗೊಂಬೆಯನ್ನು ಮೇಜಿನ ಮೇಲೆ ಇಟ್ಟೆ. ಆ ಕಾರಿನದು ಉಳಿದದ್ದು ಇದೊಂದೇ, ಅದೇ ಪದಾರ್ಥ, ಬೆಂಕಿ ತೋರಿಸಿ ನೋಡಿರಿ ಎಂದು ತಿಳಿಸಿದೆ. ಸಾಹೇಬರು ಮಕ್ಬೂಲನನ್ನು ಹೊರಗೆ ಕರೆಸಿದರು.

ಮಕ್ಬೂಲನು ಗೊಂಬೆ ನೋಡಿ, “ಸಾಹೇಬ್ರ, ನನಗ ಒಳಗೇ ಇಡ್ರಿ. ಅದಕ್ಕ ಬೆಂಕಿ ಹಚ್ಚಬ್ಯಾಡ್ರಿ” ಅಂದನು.

“ಒಳಗ ಇದ್ದು ಏನು ಮಾಡ್ತೀ, ಉಸ್ತಾದ? ಗಲ್ಲಿಗಿ ಹೋಗ್ತೀ?” ಅಂದೆ.

“ಹೋಗ್ತೇನಿ. ಆಕಿ ಕೈಯಿಂದು ಅದೊಂದೇ ಉಳದದ.”

ಔರಾದದಿಂದ ಬರಿಗೈಯಲ್ಲಿ ಬಂದು ಇಪ್ಪತ್ತೆರಡು ವರ್ಷ ಬೀದರಿನಲ್ಲಿ ಚೌಕಾಸಿ ಮಾಡಿ ಬದುಕಿದವನು ನಾನು. ಅಲ್ಲಿಯೂ ಚೌಕಾಸಿಯನ್ನೇ ಮಾಡಿದೆ. ಕಾರಿನಲ್ಲಿ ಕೂತವನ ಕಾಲು ಯಾರಿಗೂ ಕಾಣುವುದಿಲ್ಲ, ಸೊಂಟದಿಂದ ಕೆಳಗೆ ಕೊಯ್ದು ಅಷ್ಟನ್ನೇ ಸುಡೋಣ ಎಂದೆ. ಮಕ್ಬೂಲನು ಗೊಂಬೆಯ ಮೇಲೆ ಬಾಗಿ ನೋಡಿ, “ಕಾಲಿಗಿ ಆಕಿ ಬಣ್ಣ ಹಚ್ಚಿಲ್ಲ” ಅಂದನು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ನಿಂತನು.

ಜಮಾದಾರನ ಚಾಕುವಿನಿಂದ ನಾನೇ ಕೊಯ್ದೆ. ಕಾಲಿನ ಭಾಗವನ್ನು ಅಂಗಳದ ಫರಸಿಕಲ್ಲಿನ ಮೇಲೆ ಇಟ್ಟೆವು. ಮಡೆಪ್ಪನು ಬಾಗಿ ತನ್ನ ಬೀಡಿಯ ಕೆಂಡ ತಾಗಿಸಿದನು. ಬುಸ್ಸೆಂದು ಗೇಣೆತ್ತರ ಉರಿ ಎದ್ದಿತು. ಮಡೆಪ್ಪನು “ಅಯ್ಯಯ್ಯೋ” ಎಂದು ಬೀಡಿ, ಟೋಪಿ ಎರಡನ್ನೂ ಬಿಟ್ಟು ಹಿಂದಕ್ಕೆ ಬಿದ್ದನು. ಅವನು ಏಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ಫರಸಿಯ ಮೇಲೆ ಕಂದು ಕಲೆ ಉಳಿಯಿತು. ಅಂಗಳದಲ್ಲಿ ಕರ್ಪೂರದ ವಾಸನೆ ಹರಡಿತು. ಮಕ್ಬೂಲನು ಗೋಡೆಯ ಕಡೆ ತಿರುಗಿದ್ದವನು ಆ ವಾಸನೆಗೆ ಪಟ್ಟಿ ಕಟ್ಟಿದ ಕೈಗಳಿಂದ ಮೂಗು ಮುಚ್ಚಿಕೊಂಡನು.

ಸಾಹೇಬರು ಇದನ್ನು ಪಂಚನಾಮೆಗೆ ಹಾಕಬೇಕು, ಪಂಚರ ಎದುರಿಗೆ ಇನ್ನೊಮ್ಮೆ ಸುಟ್ಟು ತೋರಿಸಬೇಕು, ಮೇಲಿನ ಅರ್ಧ ತಾ ಎಂದರು. ನಾನು ಮೇಜಿನ ಕಡೆ ತಿರುಗಿದಾಗ ಅದು ಅಲ್ಲಿ ಇರಲಿಲ್ಲ. ಬದ್ರೋದ್ದೀನನು ಬೆಂಚಿನಿಂದ ಎದ್ದು ಅದನ್ನು ಕೈಯಲ್ಲಿ ಹಿಡಿದಿದ್ದನು. ಬೆಳಕಿಗೆ ಹಿಡಿದು ಅದರ ಮುಖ ನೋಡಿದನು. ಇನ್ನೊಂದು ಕೈಯಿಂದ ತನ್ನ ಎಡ ತುಟಿಯ ಗಾಯ ಮುಟ್ಟಿಕೊಂಡನು.

ಆಮೇಲೆ ಮಕ್ಬೂಲನ ಹತ್ತಿರ ಹೋಗಿ, “ಇದಕ್ಕೇ ಬೈದಿ ಏನು ಆಕಿಗಿ?” ಎಂದು ಕೇಳಿದನು.

“ಬೈದೆ. ಮೀಸಿ ತಗಿ ಅಂದೆ. ತಗೀಲಿಲ್ಲ.”

“ತಗೀತಿದ್ದಿಲ್ಲ ಆಕಿ” ಎಂದು ಬದ್ರೋದ್ದೀನನು ಅಂದನು. ಸಾಹೇಬರು ಕೈ ಚಾಚಿದಾಗ ಅವನು ಮುಷ್ಟಿ ಬಿಚ್ಚಲಿಲ್ಲ. “ಸಾಕ್ರಿ ಸಾಹೇಬ್ರ. ನೋಡೀನಿ. ಇನ್ನೊಮ್ಮಿ ನೋಡಂಗಿಲ್ಲ. ಪಂಚರು ಬೇಕಂದ್ರ ನನಗೇ ಬರಕೋರಿ” ಅಂದನು. ಇನ್ನು ಸುಡುವುದಿಲ್ಲ, ಮುದ್ರೆ ಹಾಕಿ ಇಡುತ್ತೇವೆ ಎಂದು ಸಾಹೇಬರು ಅಂದರು. ದೂರಿನ ಬಗ್ಗೆ ಅವನು ಏನು ಹೇಳುತ್ತಾನೋ ಅದು ಅವನ ಹೇಳಿಕೆ, ನನ್ನದಲ್ಲ.

ಡಬ್ಬಿ ನನ್ನದು, ಹರಾಜಿನ ಚೀಟಿ ನನ್ನ ಹತ್ತಿರ ಇದೆ. ಆದರೂ ಗೊಂಬೆಯ ಮೇಲಿನ ಅರ್ಧಕ್ಕೆ ನನ್ನ ಹಕ್ಕು ಇಲ್ಲ. ಅದನ್ನು ಠಾಣೆಯ ಕಪಾಟಿನಲ್ಲಿ ಮುದ್ರೆ ಹಾಕಿ ಇಡುವಾಗ ಶೆಗಡಿಯಿಂದ, ದೀಪದಿಂದ, ಮಡೆಪ್ಪನ ಬೀಡಿಯಿಂದ ದೂರ ಇಡಬೇಕೆಂದೂ, ಕೇಸು ಮುಗಿದ ಮೇಲೆ ಭಾಲ್ಕಿಗೆ ಹೋಗಬೇಕೋ ಚೌಬಾರಾ ಓಣಿಗೆ ಹೋಗಬೇಕೋ ಎಂಬುದನ್ನು ಆ ಇಬ್ಬರನ್ನೇ ಕೂಡಿಸಿ ಕೇಳಬೇಕೆಂದೂ ವಿನಂತಿ.

ಬರೆಸಿದ್ದನ್ನು ಓದಿ ಹೇಳಿದರು, ಕೇಳಿದೆ. ನಾನು ಕಂಡದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಮುಚ್ಚಿಟ್ಟಿಲ್ಲ. ಸತ್ಯವೆಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಬೀದರ
ತಾರೀಖು: 14-1-1957

(ರುಜು) ಮಚ್ಛೇಂದ್ರ ಕಾಶೀರಾಮ

ಸಾಕ್ಷಿ: ಎದುರಿಗೆ ಕೂತು ಕೇಳಿದ್ದೇನೆ, ಉರಿಯನ್ನು ಕಂಡಿದ್ದೇನೆ.
(ಉರ್ದುವಿನಲ್ಲಿ ರುಜು) ಬದ್ರೋದ್ದೀನ, ದರ್ಜಿ, ಭಾಲ್ಕಿ. ಮೃತಳ ಅಣ್ಣ.