ಹನ್ನೊಂದು ಪುಸ್ತಕ, ಒಂದೇ ಅಕ್ಷರ

…ಇದನ್ನ ಹೇಳೋಕೆ ಇಷ್ಟು ದೂರ ಬರಬೇಕಿತ್ತಾ? ಮೂರು ವರ್ಷ ನನ್ನ ಮೊಮ್ಮಗಳು ಗುಬ್ಬಿಯ ಕೈ ಚುಚ್ಚಿ ಚುಚ್ಚಿ ರಕ್ತ ತೆಗೆದೆ, ಈಗ ಬಂದು “ಅಜ್ಜಿ, ಮುಂದಿನ ತಿಂಗಳಿಂದ ಕ್ಲಿನಿಕ್ಕು ಇರಲ್ಲ” ಅಂತೀಯ! ಹಾಂ? ನಿಂತ್ಕೊಂಡು ಮಾತಾಡಬೇಡ, ಕತ್ತೆತ್ತಿ ನೋಡೋಕೆ ನನ್ನಿಂದಾಗಲ್ಲ. ಕೂತ್ಕೋ. ಅಲ್ಲಿ ಬೇಡ, ಆ ಸ್ಟೂಲಿನ ಮೇಲೆ ಹಿಟ್ಟು… ಆಯ್ತು, ಕೂತೇಬಿಟ್ಟೆ. ಬೇಕರಿ ಹಿಂದಿನ ಕೋಣೆಗೆ ಬಂದು ಮೈಗೆ ಹಿಟ್ಟು ಹತ್ತಿಸ್ಕೊಳ್ಳದೆ ಹೋದವರು ಯಾರೂ ಇಲ್ಲ ಬಿಡು.

ಮೆಲ್ಲಗೆ ಮಾತಾಡು ಮಾತ್ರ. ಸೊಸೆ ಮುಂದೆ ಗಲ್ಲಾದಲ್ಲಿ ಕೂತಿದ್ದಾಳೆ. ಅವಳ ಕಿವಿಗೆ ಬಿದ್ರೆ ಗಿರಾಕಿಗಳ ಎದುರಿಗೇ ಅತ್ತು ರಂಪ ಮಾಡ್ತಾಳೆ. ಗುಬ್ಬಿ ಸ್ಕೂಲಿಂದ ಬರೋ ಹೊತ್ತು ಬೇರೆ.

ಯಾಕೆ ನಿಲ್ಲಿಸ್ತಿದ್ದಾರಂತೆ? ಕೊಡು ಇಲ್ಲಿ ಆ ಕಾಗದ. ಕನ್ನಡಕ… ಹೂಂ. “ಯುವ ಸಂಶೋಧಕರ ಪ್ರೋತ್ಸಾಹ ನಿಧಿ.” ಓಹೋಹೋ, ಎಂಥಾ ಹೆಸರು! ಮಕ್ಕಳ ಹೊಟ್ಟೆ ಕಾಯಿಲೆ ಮೇಲೆ ಕೆಲಸ ಮಾಡೋ ಹೊಸ ಡಾಕ್ಟ್ರುಗಳನ್ನ ಕೈಹಿಡಿದು ಮೇಲೆತ್ತೋ ಹಣ ಅಂತ ನೀನೇ ಅಂದಿದ್ದೆ, ಮೊದಲ ದಿನ, ಕಣ್ಣರಳಿಸ್ಕೊಂಡು. ಎತ್ತಿದ್ರು ನೋಡು! ಎತ್ತಿ ಎಸೆದ್ರು. ಮೂರು ವರ್ಷ ಆದ್ಮೇಲೆ ಇನ್ನೆರಡು ವರ್ಷ ಕೊಟ್ಟೇ ಕೊಡ್ತಾರೆ ಅಂತಿದ್ದೆಯಲ್ಲ, ಎಲ್ಲಿ? ನಾನಂತೂ ಅವತ್ತೇ ಅಂದ್ಕೊಂಡೆ, ಈ ಮರಿ ಡಾಕ್ಟ್ರು ಒಂದು ದಿನ ಬ್ಯಾಗು ಹೆಗಲಿಗೇರಿಸ್ಕೊಂಡು ಹೊರಡ್ತಾಳೆ, ನಾವು ಬಾಯಿ ಬಿಟ್ಕೊಂಡು ನೋಡ್ತಾ ನಿಲ್ತೀವಿ ಅಂತ.

ಏನು ಮುಖ ಸಣ್ಣ ಮಾಡ್ತೀಯ? ಮರಿ ಡಾಕ್ಟ್ರು ಅಂದಿದ್ದಕ್ಕಾ? ಕ್ಲಿನಿಕ್ಕಿನ ಬೆಂಚಲ್ಲಿ ಎಲ್ಲರೂ ಹಾಗೇ ಕರೆಯೋದು ನಿನ್ನ. ನಾನಿಟ್ಟ ಹೆಸರು.

ನೇರವಾಗೇ ಹೇಳ್ತೀನಿ ಕೇಳು. ನಿನ್ನ ಕಂಡ್ರೆ ನನಗೆ ಮೊದಲಿಂದಲೂ ಆಗಲ್ಲ. ಗೋಧಿ ಈ ಮಗುವಿಗೆ ವಿಷ ಅಂದೆಯಲ್ಲ, ಯಾರ ಎದುರಿಗೆ? ನಲವತ್ತು ವರ್ಷ ಭಟ್ಟಿ ಮುಂದೆ ಬೆವರು ಸುರಿಸಿದವಳ ಎದುರಿಗೆ! ಈ ಬೀದಿಯ ಮಕ್ಕಳಿಗೆಲ್ಲ ಹಲ್ಲು ಬರೋವಾಗ ಕಡಿಯೋಕೆ ರಸ್ಕು ಕೊಟ್ಟವಳು ನಾನು. ಬ್ರೆಡ್ಡು ಬೇಡ, ಬನ್ನು ಬೇಡ, ಬಿಸ್ಕತ್ತು ಮುಟ್ಟಲೇಬಾರದು… ಕರುಳಿನ ಒಳಗೆ ಮಖಮಲ್ಲಿನ ಥರ ಒಂದು ಪದರ ಇರುತ್ತೆ, ಗೋಧಿ ತಿಂದ್ರೆ ಈ ಮಕ್ಕಳಿಗೆ ಅದು ಸವೆದುಹೋಗುತ್ತೆ, ತಿಂದಿದ್ದು ಯಾವುದೂ ಮೈಗೆ ಹತ್ತಲ್ಲ ಅಂತ ಚಿತ್ರ ಬರೆದು ತೋರಿಸಿದೆ. ಸೊಸೆ ಹೂಂ ಹೂಂ ಅಂತ ತಲೆ ಆಡಿಸಿದ್ಲು. ನಾನು ಗೋಡೆ ನೋಡ್ತಾ ಕೂತಿದ್ದೆ.

ತಡಿ, ಮುಂದಕ್ಕೆ ಓದ್ತೀನಿ. “ಆಹಾರದ ದಿನಚರಿಯ ಪ್ರಕಾರ ಮೂವತ್ಮೂರು ಮಕ್ಕಳೂ ಗೋಧಿಯನ್ನು ಪೂರ್ತಿ ಬಿಟ್ಟಿದ್ದಾರೆ. ಆದರೆ ಮೂರನೇ ಒಂದು ಭಾಗದಷ್ಟು ಮಕ್ಕಳ ರಕ್ತಪರೀಕ್ಷೆಯಲ್ಲಿ ಸುಧಾರಣೆ ಕಂಡಿಲ್ಲ. ಸಂಶೋಧಕಿಯ ಕೆಲಸದ ವಿಧಾನದ ಮೇಲೆ ಸಮಿತಿಗೆ ವಿಶ್ವಾಸ ಮೂಡಿಲ್ಲ.” ನೋಡಿದೆಯಾ! ನಿನ್ನ ದೊಡ್ಡವರೇ ಬರೆದಿದ್ದಾರೆ! ಗೋಧಿ ಬಿಟ್ರೂ ವಾಸಿ ಆಗಿಲ್ಲ. ಅಂದ್ರೆ ಗೋಧಿದೇನೂ ತಪ್ಪಿಲ್ಲ! ಬಾಯಿ ನೋಯೋವಷ್ಟು ಸಲ ಹೇಳಿದ್ದೆ ನಾನು…

ಯಾಕೆ ಹಾಗೆ ನೋಡ್ತೀಯ?

ಗುರುವಾರ ಏನು? ಸಮಿತಿ ಮುಂದೆ ಹೇಳ್ಕೊಳ್ಳೋಕೆ ಕೊನೇ ಅವಕಾಶ… ಸರಿ, ಹೋಗು, ಹೇಳ್ಕೋ. ನನ್ನ ಹತ್ರ ಯಾಕೆ ಬಂದೆ? ನಾನೇನು ನಿನಗೆ ಪಾಠ ಹೇಳಿದ ಮೇಷ್ಟ್ರಾ?

ಬ್ಯಾಗಲ್ಲಿ ಏನು ಹುಡುಕ್ತೀಯ… ಓ. ದಿನಚರಿ ಪುಸ್ತಕ. ಇದು ನಮ್ಮ ಗುಬ್ಬಿದು. ಇದು ಟೈಲರ್ ಮಗಂದು. ಇವೆರಡು ಆ ಅವಳಿ ಹುಡುಗಿಯರದ್ದು. ಇನ್ನೂ ತೆಗೀತಾನೇ ಇದ್ದೀಯಲ್ಲ! ಟೇಬಲ್ ಮೇಲೆಲ್ಲ ಹರಡಬೇಡ, ಎಣ್ಣೆ ಇದೆ. ಎಷ್ಟು? ಹನ್ನೊಂದು. ಆಯ್ತು, ಹನ್ನೊಂದು. ಆಮೇಲೆ?

ಹೌದು. ಒಂದೇ ಅಕ್ಷರ.

ಹೌದು, ನನ್ನದೇ! ಅದಕ್ಕೇನೀಗ? ಕೊಲೆ ಮಾಡಿದ್ದೀನಾ? ವಾರಕ್ಕೊಂದು ದಿನ ಬೆಂಚಲ್ಲಿ ಎರಡು ಗಂಟೆ ಕಾಯಿಸ್ತಿದ್ದೆ ನೀನು. ಆ ತಾಯಂದಿರಿಗೆ ಕೆಲಸ ಇರಲ್ವಾ? ಟೈಲರಮ್ಮನಿಗೆ ಹೊಲಿಗೆ, ಅವಳಿ ಮಕ್ಕಳ ತಾಯಿಗೆ ಎರಡು ಮನೆ ಕೆಲಸ. ದಿನಾ ಏನು ತಿನ್ನಿಸಿದ್ರಿ ಅಂತ ಬರೀರಿ ಅಂದ್ರೆ ಯಾರು ಬರೀತಾರೆ? “ಅಜ್ಜಿ, ನಿಮ್ಮ ಅಕ್ಷರ ದುಂಡಗಿದೆ, ನಮ್ಮದೂ ಬರೆದುಬಿಡಿ” ಅಂದ್ರು. ಬರೆದೆ. ಸೋಮವಾರ ಅನ್ನ, ತರಕಾರಿ. ಮಂಗಳವಾರ ಅನ್ನ, ಮೊಟ್ಟೆ. ಉಪಕಾರ ಮಾಡಿದ್ದು ತಪ್ಪಾ?

…ತಿಂದಿದ್ದನ್ನೇ ಬರೆದೆನಾ ಅಂತೀಯಾ?

ಏನು ಕಣ್ಣು ಮಿಟುಕಿಸದೆ ಕೂತಿದ್ದೀಯ! ಕೋಪ ಬಂದ್ರೆ ಬೈಯಿ. ಬೈದವರನ್ನ ಎದುರಿಸೋದು ನನಗೆ ಗೊತ್ತು. ಗುಬ್ಬಿ ಪುಸ್ತಕ ಯಾಕೆ ನನ್ನ ಮುಂದೆ ತಳ್ತೀಯ…

ಸರಿ! ತಿನ್ನಿಸಿದ್ದೀನಿ. ಆಯ್ತಾ? ಸಂಜೆ ಸೊಸೆ ಲೆಕ್ಕ ಬರೀತಾ ಕೂತಾಗ, ಹಾಲಲ್ಲಿ ಅದ್ದಿ ಒಂದು ರಸ್ಕು. ಒಂದೇ ಒಂದು! ಕೆಲವು ದಿನ ಎರಡು. ಮನೆ ತುಂಬಾ ಬನ್ನಿನ ಘಮ, ಮಗು ಮಾತ್ರ ಗಾಜಿನ ಬೀರು ಮುಂದೆ ಮೂಗು ಒತ್ಕೊಂಡು ನಿಂತಿರುತ್ತೆ. ನಿನ್ನ ಮನೆ ಮಗು ಆಗಿದ್ರೆ ಗೊತ್ತಾಗ್ತಿತ್ತು. ಬೆಂಚಲ್ಲಿದ್ದವರಿಗೂ ಹೇಳಿದೆ, ಆ ಹುಡುಗಿಗೆ ಇನ್ನೂ ಮದುವೆ ಇಲ್ಲ ಮಕ್ಕಳಿಲ್ಲ, ಪುಸ್ತಕ ನೋಡಿ ಹೇಳ್ತಾಳೆ, ಒಂದು ಬಿಸ್ಕತ್ತಿಗೆ ಯಾರ ಪ್ರಾಣವೂ ಹೋಗಲ್ಲ, ಕೊಡಿ, ಪುಸ್ತಕದಲ್ಲಿ ನಾನು ನೋಡ್ಕೋತೀನಿ ಅಂತ. ನನ್ನ ಮಾತು ಕೇಳಿದ್ರು. ಬೇಕರಿ ಅಜ್ಜಿ ಮಾತಿಗೆ ಬೆಲೆ ಇದೆ ಇಲ್ಲಿ.

ಇದನ್ನ ಹೋಗಿ ಹೇಳು ನಿನ್ನ ಸಮಿತಿಗೆ! ಹೇಳು, ಒಬ್ಬ ಮುದುಕಿ ಹಾಳುಮಾಡಿದ್ಲು ಅಂತ. ಪುಸ್ತಕ ಕೈಯಲ್ಲೇ ಇದೆಯಲ್ಲ. ಯಾವಾಗ ಗೊತ್ತಾಯ್ತು ನಿನಗೆ, ನಿನ್ನೆಯಾ?

…ಹೋದ ವರ್ಷ?

ಹೋದ ವರ್ಷವೇ ಗೊತ್ತಿತ್ತಾ? ಗೊತ್ತಿದ್ದೂ ಸಮಿತಿಗೆ ಹೇಳಲಿಲ್ವಾ? ನಿನಗೆ ತಲೆ ನೆಟ್ಟಗಿದೆಯಾ? ನಿನ್ನ ಹೆಸರು ಮಣ್ಣುಪಾಲಾಗುತ್ತೆ, ನೀನು ಬಾಯಿಗೆ ಬೀಗ ಹಾಕ್ಕೊಂಡು… ಏನಂದೆ? ಜೋರಾಗಿ ಹೇಳು. ಸುಳ್ಳು ದಿನಚರಿ ಅಂತ ಗೊತ್ತಾದ್ರೆ ಆ ಮಕ್ಕಳನ್ನ ಪಟ್ಟಿಯಿಂದ ತೆಗೀತಾರೆ. ಹನ್ನೊಂದು ಮಕ್ಕಳಿಗೂ ಪರೀಕ್ಷೆ, ಔಷಧಿ ಎಲ್ಲ ನಿಲ್ಲುತ್ತೆ. ಗುಬ್ಬಿಗೂ… ಅದಕ್ಕೆ ಸುಮ್ಮನಿದ್ದೆ.

ಪೆದ್ದಿ ನೀನು. ಶುದ್ಧ ಪೆದ್ದಿ. ಅವತ್ತೇ ಬಂದು ನನ್ನ ಜುಟ್ಟು ಹಿಡಿಯಬೇಕಿತ್ತು.

…ಬಂದಿದ್ದೆಯಾ? ಹಾಂ, ಬಂದಿದ್ದೆ. ಎರಡು ಸಲ. “ಅಜ್ಜಿ, ಮನೆಯಲ್ಲಿ ಏನಾದ್ರೂ ಕಷ್ಟ ಆಗ್ತಿದೆಯಾ, ಬೈಯಲ್ಲ, ಹೇಳಿ” ಅಂದೆ. ನಾನು ಭಟ್ಟಿ ಉರೀತಿದೆ, ಪುರುಸೊತ್ತಿಲ್ಲ ಅಂತ ಬಾಗಿಲು ಹಾಕಿದೆ. ನೆನಪಿದೆ. ಬೆಂಚಲ್ಲಿ ಮೂಗು ಮುರಿದು ಆಡ್ಕೊಂಡು ನಕ್ಕಿದ್ದೂ ನೆನಪಿದೆ.

ಏನದು, ಗುಬ್ಬಿ ಚಾರ್ಟಾ? ಬೇಡ, ತೋರಿಸಬೇಡ. ಒಂದು ವರ್ಷದಿಂದ ಬೆರಳಷ್ಟೂ ಎತ್ತರ ಆಗಿಲ್ಲ, ನನಗೂ ಗೊತ್ತು. ಬಾಗಿಲ ಚೌಕಟ್ಟಿನ ಹತ್ರ ನಿಲ್ಲಿಸಿ ನಾನೂ ಅಳೀತೀನಿ. ಬಾಕಿ ಇಪ್ಪತ್ತೆರಡು ಮಕ್ಕಳು ಬೆಳೆದಿದ್ದೂ ಕಂಡಿದ್ದೀನಿ. ಆ ಕಂಡಕ್ಟರ್ ಮಗಳು ಮೊದಲು ನಡೆಯೋಕೂ ಆಗದವಳು, ಹೋದ ತಿಂಗಳು ಕ್ಲಿನಿಕ್ಕಿನ ಮೆಟ್ಟಿಲು ಎರಡೆರಡು ಹಾರ್ತಿದ್ಲು. ನೋಡಿ ನನ್ನ ಹೊಟ್ಟೆ ಉರಿದುಹೋಯ್ತು…

ಆಯ್ತು! ಬರ್ತೀನಿ. ಗುರುವಾರ ನಾನೇ ಬರ್ತೀನಿ. ಈ ಹುಡುಗಿ ಕೆಲಸ ಸರಿ ಇದೆ, ಸುಳ್ಳು ಬರೆದವಳು ನಾನು, ಶಿಕ್ಷೆ ಇದ್ರೆ ನನಗೆ ಕೊಡಿ, ಮಕ್ಕಳನ್ನ ತೆಗೀಬೇಡಿ ಅಂತ ಅವರ ಮುಖಕ್ಕೇ ಹೇಳ್ತೀನಿ. ನನಗ್ಯಾರ ಭಯ? ಸೊಸೆಗೂ ಇವತ್ತೇ ಹೇಳ್ತೀನಿ. ಸಾಕಾ? ಏಳು ಈಗ. ಹಿಟ್ಟು ಉಬ್ಬಿದೆ, ನನಗೆ ಕೆಲಸ ಇದೆ.

ಏಳು ಅಂದೆ.

ಇನ್ನೇನು ಬೇಕು ನಿನಗೆ? ಯಾಕೆ ಮಾಡಿದೆ ಅಂತಾನಾ? ಹೇಳಿದೆನಲ್ಲ! ಮಗು ಆಸೆಯಿಂದ ನೋಡ್ತು, ಕರುಳು ಚುರ್ ಅಂತು, ಕೊಟ್ಟೆ. ಬೇರೆಯವರ ಮಕ್ಕಳಿಗೆ ಯಾಕೆ ಅಂದ್ರೆ… ಅಂದ್ರೆ… ನನ್ನ ನಾಲಿಗೆ ಉದ್ದ, ಅಷ್ಟೇ.

ಹಾಗೆ ನೋಡಬೇಡ ಅಂದೆ.

ನೀನು ಹೇಳಿದ್ದು ತಪ್ಪಾಗಬೇಕಿತ್ತು ನನಗೆ! ತಿಳೀತಾ? ಒಂದು ಮಗು ವಾಸಿ ಆಗದಿದ್ರೆ ಮಗುವಿನ ದೇಹವೇ ಹಾಗೆ ಅಂತೀರಿ. ಹನ್ನೊಂದು ಮಕ್ಕಳು ವಾಸಿ ಆಗದಿದ್ರೆ ಡಾಕ್ಟ್ರದ್ದೇ ತಪ್ಪು ಅಂತಾರೆ. ಅದೇ ಬೇಕಿತ್ತು. ಈ ಕಾಗದ ಓದಿದಾಗ ಒಂದು ಗಳಿಗೆ… ಒಂದೇ ಗಳಿಗೆ ಎಷ್ಟು ಹಗುರ ಆಯ್ತು ಗೊತ್ತಾ?

ಫಾರಂ ತುಂಬಿಸೋವಾಗ ಕೇಳಿದ್ದೆ ನೀನು. ಇದು ವಂಶದಲ್ಲಿ ಬರುತ್ತೆ ಅಜ್ಜಿ, ನಿಮ್ಮ ಮನೆಯಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಇದ್ದಾರಾ ಅಂತ. ಇಲ್ಲ ಅಂದೆ.

ಇದ್ದ. ಗುಬ್ಬಿ ಅಪ್ಪ ಹುಟ್ಟೋಕೆ ಮುಂಚೆ ಒಬ್ಬ. ಎರಡು ವರ್ಷ ಏಳು ತಿಂಗಳು. ಇದೇ ಊದಿದ ಹೊಟ್ಟೆ, ಇದೇ ಕಡ್ಡಿ ಕಾಲು. ಚೆನ್ನಾಗಿ ತಿನ್ನಿಸಿ, ಶಕ್ತಿ ಬರುತ್ತೆ ಅಂದ್ರು ಆಗಿನ ಡಾಕ್ಟ್ರು. ತಿನ್ನಿಸೋಕೆ ನನಗೇನು ಕಮ್ಮಿ? ಬೇಕರಿ ಮನೆ! ಹಾಲಲ್ಲಿ ಬ್ರೆಡ್ಡು ಕಲಸಿ, ಹೊತ್ತು ಹೊತ್ತಿಗೆ… ಮುಖ ತಿರುಗಿಸ್ತಿದ್ದ. ಹಟ ಅಂತ ನಾನು ಮೂಗು ಹಿಡಿದು ಬಾಯಿ ಬಿಡಿಸ್ತಿದ್ದೆ. ಈ ಕೈಯಲ್ಲೇ. ಕೊನೇ ದಿನ ಅವನು ಮುಖ ತಿರುಗಿಸಲಿಲ್ಲ. ಸದ್ಯ, ತಿನ್ನೋದು ಕಲಿತ ಅಂತ ಖುಷಿಪಟ್ಟೆ ನಾನು… ಖುಷಿಪಟ್ಟೆ!

ನೀನು ಬಂದು ಆ ಕರುಳಿನ ಚಿತ್ರ ಬರೆದು ತೋರಿಸೋವರೆಗೂ ಅದು ವಿಧಿ ಆಗಿತ್ತು ಕಣೇ.

ಬೇರೆ ಏನಾದ್ರೂ ಇರಬಹುದಲ್ವಾ? ಜ್ವರ, ಕೆಟ್ಟ ನೀರು… ಎಷ್ಟೋ ಕಾಯಿಲೆ ಇದಾವೆ ನಿಮ್ಮ ಪುಸ್ತಕಗಳಲ್ಲಿ. “ಇಲ್ಲಜ್ಜಿ, ಅದರಿಂದಲ್ಲ” ಅನ್ನು. ಸುಳ್ಳಾದ್ರೂ ಪರವಾಗಿಲ್ಲ, ಹೇಳು. ಇಷ್ಟೊಂದು ಓದಿದ್ದೀಯ, ಒಂದು “ಇಲ್ಲ” ಬರಲ್ವಾ ನಿನ್ನ ಬಾಯಲ್ಲಿ?

ಮಾತಾಡು.

ಕೈ ಯಾಕೆ ಹಿಡ್ಕೊಂಡೆ? ಬಿಡು. ನಾನು ಕೈ ಕೇಳಲಿಲ್ಲ… ಬಿಡು ಅಂದೆ. ಮಾತಾಡೇ…