ಕವಲಿನಲ್ಲಿಟ್ಟ ಕೊಂಬೆ

ಇಲ್ಲ ಕಣೇ ಸೋಲಾಂಜ್, ಅವನು ಮನೆಗೆ ಹೋಗಿರ್ತಾನೆ, ಬರೆದಿಟ್ಕೋ! ಫ್ಲೋರಿಯಾನ್ ಏನು ಹಾಲು ಕುಡಿಯೋ ಮಗುನಾ, ಕಾಡಲ್ಲಿ ದಾರಿ ತಪ್ಪೋದಕ್ಕೆ? ಇದೇ ಊರಿನ ಸ್ಕೂಲ್ ಬಸ್ಸನ್ನ ಹಿಮದಲ್ಲೇ ಓಡಿಸಿ ಓಡಿಸಿ ತಲೆ ನೆರೆತವನು... ಏನು? ಕಿಟಕಿ ಕಡೆ ಯಾಕೆ ಬೆರಳು ತೋರಿಸ್ತೀಯ? ಹೂಂ, ಅವನ ಕಾರು ಇಲ್ಲೇ ನಿಂತಿದೆ. ನನಗೂ ಕಣ್ಣಿದೆ. ಯಾರಾದ್ರೂ ಜೊತೆಗೆ ಕರ್ಕೊಂಡು ಹೋಗಿರ್ಬೇಕು. ಹೋಗಬಾರದಾ?

ಸೂಪು ಕುಡಿ. ಬಟಾಣಿ ಸೂಪು ಆರಿದ್ರೆ ಗಂಜಿ ಆಗಿಬಿಡುತ್ತೆ. ಬೇಡ್ವಾ? ಬಿಡು ಹಾಗಾದ್ರೆ. ನಾರ್ಮಾಂ ಹೋಗಿದಾನಲ್ಲ ಹಿಮದ ಸ್ಕೂಟರ್ ತಗೊಂಡು? ಅವನದೇ ಕಾಡು, ಅವನದೇ ಮೇಪಲ್ ಮರ, ಆ ಮರದ ರಸದಿಂದ ಪಾಕ ಕಾಯಿಸೋ ಈ ಗುಡಿಸಲೂ ಅವನದೇ. ಅವನಿಗಿಂತ ಚೆನ್ನಾಗಿ ನಾವು ಹುಡುಕ್ತೀವಾ? ಒಲೆ ಮುಂದೆ ಮುಖ ಗಂಟು ಹಾಕ್ಕೊಂಡು ಕೂತ್ರೆ ಫ್ಲೋರಿಯಾನ್ ಬೇಗ ಸಿಕ್ಕಿಬಿಡ್ತಾನಾ?

ಬೆಳಿಗ್ಗೆನೇ ಬಡ್ಕೊಂಡೆ, ಗಾಳಿ ಜಾಸ್ತಿ ಇದೆ, ಇವತ್ತು ಚಿಕ್ಕ ಸುತ್ತೇ ಸಾಕು ಅಂತ. ನಮ್ಮ ಓಟದ ಕೂಟದವರೆಲ್ಲ ಕೇಳಿದ್ರು. ನೀನು? 'ನಾನು ದೊಡ್ಡ ಸುತ್ತು' ಅಂದೆ, ಅಷ್ಟೆ. ನನ್ನ ಮುಖನೂ ನೋಡ್ಲಿಲ್ಲ. ಹೆಂಡತಿ ದೊಡ್ಡ ಸುತ್ತು, ಗಂಡ ಚಿಕ್ಕ ಸುತ್ತು! ಎಲ್ಲರೂ ನೋಡ್ತಿರುವಾಗ ಇನ್ನೇನು ಮಾಡ್ಲಿ, ನಾನೂ ದೊಡ್ಡ ಸುತ್ತಿಗೇ, ನಿನಗಿಂತ ಮುಂದೆ ಹೊರಟೆ. 'ನಾನೂ ಬರ್ತೀನಿ ಕಣಪ್ಪಾ' ಅಂತ ಫ್ಲೋರಿಯಾನ್ ಬೇರೆ. ಅವನನ್ನ ಯಾರು ಕರೆದ್ರು? ನಾನು ಕರೆದ್ನಾ?

ನಗಬೇಡ. ನಕ್ಕೆ, ಮೂಗಲ್ಲಿ ನಕ್ಕೆ, ನನಗೆ ಕೇಳಿಸ್ತು.

ಈ ಹಿಮದ ಮೆಟ್ಟು ನಿನ್ನ ಕಾಲಿಗೆ ಕಟ್ಟಿದ್ದು ಯಾರು? ನಾನೇ ತಾನೆ? ಓಡೋನು ನಾನು. ಮಂಡಿ ಹಿಡ್ಕೊಂಡಾಗ ಡಾಕ್ಟರು ಅಂದ್ರು, 'ಗಾಯೆತಾನ್, ಚಳಿಗಾಲದಲ್ಲಿ ಟಾರು ರಸ್ತೆ ಬಿಡು, ಮೆಟ್ಟು ಕಟ್ಕೊಂಡು ಮೆತ್ತಗಿನ ಹಿಮದಲ್ಲಿ ಓಡು, ತೊಡೆ ಗಟ್ಟಿ ಆಗುತ್ತೆ, ಉಸಿರು ಉದ್ದ ಆಗುತ್ತೆ.' ನಿನಗೊಂದು ಜೊತೆ ತಂದದ್ದು ಫ್ಲಾಸ್ಕು ಹೊತ್ಕೊಂಡು ಬರ್ಲಿ ಅಂತ! ಕಾಲು ಅಗಲಿಸಿ ನಡೆಯೋಕೂ ಬರ್ತಿರ್ಲಿಲ್ಲ ನಿನಗೆ. ಮೊರದಷ್ಟು ಅಗಲದ ಮೆಟ್ಟು, ಒಂದರ ಮೇಲೊಂದು ತುಳ್ಕೊಂಡು ದೊಪ್ ದೊಪ್ ಅಂತ ಬೀಳ್ತಿದ್ದೆ.

ಆಮೇಲೆ... ಆಮೇಲೆ ಏನಾಯ್ತು ಅಂತ ನೀನೇ ಹೇಳು. ಇಲ್ಲ, ಬೇಡ, ನಾನೇ ಹೇಳ್ತೀನಿ. ಹೊಸ ಹಿಮ ಬಿದ್ದಾಗ ಮುಂದೆ ಹೋಗಿ ದಾರಿ ತುಳಿಯೋಳು ನೀನು. ಹಿಂದೆ ನಿನ್ನ ಹೆಜ್ಜೆಯಲ್ಲಿ ಹೆಜ್ಜೆ ಇಟ್ಕೊಂಡು ನಾನು. ಮಂಡಿ ಉಳಿಸ್ಕೊಳ್ತಿದ್ದೆ, ತಪ್ಪಾ? ಮಂಡಿ ಉಳೀತು. ತೊಡೆ ಗಟ್ಟಿ ಆಗಿದ್ದು ನಿಂದು. ಮೇ ತಿಂಗಳಲ್ಲಿ ಕೆಬೆಕ್ ಪಟ್ಟಣದ ಓಟದಲ್ಲಿ, ಅಷ್ಟು ಜನದ ಮುಂದೆ, ನನ್ನ ಪಕ್ಕದಲ್ಲೇ ಹಾದು ಹೋದೆ. ತಿರುಗಿ ನೋಡಿ 'ಬರ್ತೀಯೇನೋ' ಅಂದೆ ನೋಡು! ಅವತ್ತಿಂದ ಕೂಟದಲ್ಲಿ ನನ್ನ ಹೆಸರೇನು ಗೊತ್ತಾ? ಸೋಲಾಂಜಳ ಗಂಡ. ಅಂಗಡಿಗೆ ಹೋದ್ರೂ ಅದೇ, ಚರ್ಚಿಗೆ ಹೋದ್ರೂ ಅದೇ.

ಏನು ಹಾಗೆ ನೋಡ್ತೀಯ? ಅದಕ್ಕೂ ಇದಕ್ಕೂ ಏನು ಸಂಬಂಧ? ಸಂಬಂಧ ಇದೆ ಅಂತ ನಾನು ಅಂದ್ನಾ?

ಸೌದೆಯಿಂದ ಆ ಕೊಂಬೆ ಯಾಕೆ ಎತ್ತಿ ತೋರಿಸ್ತೀಯ? ಯಾವ ಕೊಂಬೆ? ಓ, ಕವಲಿನ ಹತ್ರ ಇಡೋದಾ? ಇಟ್ಟಿದ್ದೆ. ನಾರ್ಮಾಂ ಕೇಳಿದಾಗ ನಿನ್ನ ಎದುರಿಗೇ ಹೇಳಿದ್ನಲ್ಲ. ಮುಂದೆ ಹೋದೋನು ತಪ್ಪು ದಾರಿಗೆ ಅಡ್ಡ ಒಂದು ಸ್ಪ್ರೂಸ್ ಮರದ ಕೊಂಬೆ ಇಡಬೇಕು, ನಮ್ಮ ಕೂಟದ ಪದ್ಧತಿ, ಇಟ್ಟೆ. ಗಾಳಿಗೆ ಸರಿದಿರುತ್ತೆ. ಹೆಜ್ಜೆ ಇಟ್ಟ ಹಿಂದೇನೇ ಹೆಜ್ಜೆ ಮುಚ್ಚಿಹಾಕ್ತಿತ್ತಲ್ಲ ಗಾಳಿ? ಇಲ್ಲಾ, ಫ್ಲೋರಿಯಾನ್ ಕಣ್ಣು ಮಂಜು. ಅದೂ ಅಲ್ದೆ, ಹಿಂದೆ ಬರ್ತಿದ್ದೋನು ಅವನು ಅಂತ ನನಗೇನು ಕನಸು ಬಿದ್ದಿತ್ತಾ? ಸದ್ದು ಕೇಳ್ತು, ನೀನೇ ಅಂದ್ಕೊಂಡೆ. ನೀನು ಮೆಟ್ಟಿನ ಪಟ್ಟಿ ಬಿಗಿಯೋಕೆ ಹಿಂದೆ ನಿಂತಿದ್ದು ನನಗೆ ಹೇಗೆ ಗೊತ್ತಾಗ್ಬೇಕು? ನೀನೇ ಅಂತ...

ಏನಾದ್ರೂ ಮಾತಾಡೇ, ಮಾರಾಯ್ತಿ.

ಸರಿ. ಬಯ್ಯೋದಾದ್ರೂ ಬಯ್ಯಿ.

ಅದು ಅವನಿಗಲ್ಲ ಇಟ್ಟಿದ್ದು! ಗೊತ್ತಾಯ್ತಾ? ಅವನಿಗಲ್ಲ! ಸರಿಯಾದ ದಾರಿಗೇ ಅಡ್ಡ ಇಟ್ಟೆ, ಹೌದು. ನೀನು ತಪ್ಪು ದಾರಿ ಹಿಡಿದು ಹೊಳೆ ತನಕ ಹೋಗಿ, ದಾರಿ ಇಲ್ಲ ಅಂತ ಬೈಕೊಂಡು ವಾಪಸ್ ಬರ್ತೀಯ, ಅಷ್ಟರಲ್ಲಿ ನಾನು ಈ ಗುಡಿಸಲು ಮುಟ್ಟಿರ್ತೀನಿ. ಒಂದು ಸಲ. ಒಂದೇ ಒಂದು ಸಲ ಬೂಟು ಬಿಚ್ಚಿ ಒಲೆ ಮುಂದೆ ಕೂತು, 'ಬಂದ್ಯಾ' ಅಂತ ನಾನು ನಿನ್ನ ಕೇಳಬೇಕಿತ್ತು. ಹೊಳೆ ಮೇಲಿನ ಮಂಜುಗಡ್ಡೆ ತೆಳ್ಳಗಿರುತ್ತೆ ಅಂತ... ಇಲ್ಲ ಸೋಲಾಂಜ್, ದೇವರಾಣೆ, ಅದು ತಲೆಗೇ ಬರ್ಲಿಲ್ಲ. ಬಂದಿದ್ರೆ... ಬಂದಿದ್ರೆ ಇಡ್ತಿರ್ಲಿಲ್ಲ ಅಂತ ಹೇಳ್ಬೇಕು ನಾನು, ಅಲ್ವಾ?

ಏಳು, ಏಳು! ಓಡಿಹೋಗಿ ನಾರ್ಮಾಂಗೆ ಹೇಳೋಣ, ಮೇಲೆ ಗುಡ್ಡದಲ್ಲಿ ಹುಡುಕಬೇಡ, ಹೊಳೆ ಕಡೆ ಹೋಗು ಅಂತ. ನನ್ನ ಹೆಸರು ಹೇಳಬೇಡ, ಸುಮ್ಮನೆ... ಯಾಕೆ ಕೂತೇ ಇದೀಯ?

ತಾಳು. ಸ್ಕೂಟರ್ ಸದ್ದು. ಕೆಳಗಿಂದ ಬರ್ತಾ ಇದೆ... ಹೊಳೆ ಕಡೆಯಿಂದ.

ಯಾರು ಹೇಳಿದ್ರು ನಾರ್ಮಾಂಗೆ?

ನಿನ್ನ ಕೈಗವಸಲ್ಲಿ ಅದೇನದು? ಸ್ಪ್ರೂಸ್ ಅಂಟು. ಓ. ನೀನು ಆ ಕವಲಿಗೆ ಬಂದಾಗ ಕೊಂಬೆ ಅಲ್ಲೇ ಇತ್ತು. ಎತ್ತಿ ಎಸೆದೆ. ಎಸೆದೂ ನನ್ನನ್ನ ಹಿಂದೆ ಹಾಕಿ ಮೊದಲೇ ಬಂದೆ. ಫ್ಲೋರಿಯಾನ್ ಇಲ್ಲಿಗೆ ಬಂದಿಲ್ಲ ಅಂತ ತಿಳಿದ ತಕ್ಷಣ ನಾರ್ಮಾಂನ ಕೆಳಗೆ ಹೊಳೆಗೆ ಕಳಿಸಿದೆ. ಎಲ್ಲಾ ಗೊತ್ತಿದ್ದೂ ಇಷ್ಟು ಹೊತ್ತು ಸುಮ್ಮನೆ... ನಾನು ಬಾಯಿ ಬಿಡ್ತೀನೋ ಇಲ್ವೋ ಅಂತ ಕಾಯ್ತಿದ್ಯಾ?

ಬಂದ್ರು. ಕಂಬಳಿ ಸುತ್ತಿದಾರೆ... ಕೂತಿದಾನೆ, ನೋಡು, ಕೈ ಆಡಿಸ್ತಿದಾನೆ! ಬದುಕಿದಾನೆ! ಮಂಡಿ ತನಕ ನೆಂದಿದೆ, ಅಷ್ಟೆ. ಅಬ್ಬಾ... ಬಾಗಿಲು ತೆಗೀಬೇಡ, ತಾಳೇ, ನಾನು ಮೊದಲು... ಏನಂತಿದಾನೆ ಅವನು? ಏನು ಕೂಗ್ತಿದಾನೆ?

'ಗಾಯೆತಾನ್ ಸಿಕ್ಕಿದ್ನಾ' ಅಂತಾನಾ?

ಗಡ್ಡೆ ಒಡೆದಿದ್ದು ನೋಡಿ ನಾನೇ ಬಿದ್ದೆ ಅಂದ್ಕೊಂಡನಂತೆ. ಅಲ್ಲೇ ನಿಂತು ನನ್ನ ಹೆಸರು ಕೂಗ್ತಾ ಇದ್ದನಂತೆ. ನೀರಿಗಿಳಿದು ಕೋಲಲ್ಲಿ ಹುಡುಕಿದನಂತೆ, ನನ್ನನ್ನ. ಇಷ್ಟು ಹೊತ್ತೂ...

ಅವನಿಗೆ ಏನೂ ಹೇಳಬೇಡ ಸೋಲಾಂಜ್. ಏನೂ ಹೇಳಬೇಡ.

ಸೋಲಾಂಜ್... ನನಗಾದ್ರೂ ಏನಾದ್ರೂ ಹೇಳೇ.