ಇಲ್ಲ ಅನ್ನದವರ ಪಟ್ಟಿ

ಮಾತಾಡ್ಬೇಡ, ಮಾತಾಡ್ಬೇಡ... ಹದಿನೈದು ದಿನ ಬಾಯೇ ಬಿಡಬಾರದು ಅಂದಿದ್ದಾರೆ ತಾನೆ ಡಾಕ್ಟರು? ಪಿಸುಮಾತೂ ಕೂಡದಂತೆ. ನೀನು ಸುಮ್ನೆ ಕೂತ್ಕೋ ಅಕ್ಕ, ನಾನೇ ಬಡಬಡಾಯಿಸ್ತೀನಿ. ನೀನು ಬರೆದ ಚೀಟಿ ಓದಿದೆ. 'ದಿನಕ್ಕೆ ಹನ್ನೊಂದು ಪುಕ್ಕಟೆ ಪಾಠ, ನಂಗೇ ಯಾಕೆ?' ನಂಗೇನ್ ಗೊತ್ತು? ಅದೆಲ್ಲ ಕಂಪ್ಯೂಟರ್ ಹಂಚೋದು.

ಹಾಗೆ ನೋಡ್ಬೇಡ. ನೀನು ಪಾಠ ಹೇಳೋ ಆ್ಯಪು ನಮ್ಮ ಕಂಪನೀದೇ, ಸರಿ. ಅಂಕಿಅಂಶದ ತಂಡಕ್ಕೆ ನಾನೇ ಹೆಡ್ಡು, ಅದೂ ಸರಿ. ಅಂದ್ಮಾತ್ರಕ್ಕೆ ಹದಿನೆಂಟು ಸಾವಿರ ಟೀಚರುಗಳಲ್ಲಿ ಯಾರ ಹತ್ರ ಯಾವ ಮಗು ಹೋಯ್ತು ಅಂತ ನಾನು ಕೂತು ನೋಡ್ತೀನಾ? ವ್ಯಾಪಾರದ ವಿಭಾಗದೋರು ಪ್ರಶ್ನೆ ಕೇಳ್ತಾರೆ, ನಾವು ಅಂಕಿ ಹುಡುಕಿ ಉತ್ತರ ಕೊಡ್ತೀವಿ. ಯಾರು ಸೇರ್ತಾರೆ, ಯಾರು ಬಿಡ್ತಾರೆ, ಯಾಕೆ ಬಿಡ್ತಾರೆ... ಬೆಳಗ್ಗೆ ಎಂಟಕ್ಕೆ ಶುರುವಾದ್ರೆ ಮೀಟಿಂಗಿನ ಬೆನ್ನಿಗೆ ಮೀಟಿಂಗು. ಕಣ್ಣು ಮುಚ್ಚಿದ್ರೂ ಚಾರ್ಟೇ ಕಾಣುತ್ತೆ. ಸಾಕಾಗಿ ಹೋಗಿದೆ.

ಯಾಕೆ ನಗ್ತೀಯ? ಹನ್ನೊಂದು ಪಾಠದೋಳ ಮುಂದೆ ಕೂತು ಸುಸ್ತು ಅಂತಾಳಲ್ಲ ಅಂತಾನಾ? ನಗು, ನಗು... ಅಯ್ಯೋ, ನಕ್ರೂ ನೋಯುತ್ತಾ? ಬೇಡ ಬಿಡು.

ಏನದು ಬರೀತಿರೋದು? 'ಪಕ್ಕದ ಬೀದಿ ಟೀಚರಿಗೆ ಎರಡೇ ಬರುತ್ತೆ.' ಆಯಮ್ಮ ಜಗಳಗಂಟಿ ಅಕ್ಕ. ಒಂದು ಜಾಸ್ತಿ ಹಾಕಿದ್ರೆ ಫೋನ್ ಮಾಡಿ ಜನ್ಮ ಜಾಲಾಡ್ತಾಳೆ. ಅಂಥೋರಿಗೆಲ್ಲ ಹಾಕೋಕಾಗಲ್ಲ, ಬಿಟ್ಟು... ಅಂದ್ರೆ, ಹಾಗಿರ್ಬಹುದು ಅಂತ. ನಂಗೇನ್ ಗೊತ್ತು.

ಯಾಕೆ ಬರೆಯೋದು ನಿಲ್ಲಿಸ್ದೆ?

ಅಕ್ಕ... ಸರಿ. ಕೇಳು. ಹೋದ ವರ್ಷ ವ್ಯಾಪಾರದೋರು ಪುಕ್ಕಟೆ ಪಾಠ ಎರಡರಷ್ಟು ಮಾಡೋಣ ಅಂದ್ರು. ಮಗು ಒಂದ್ಸಲ ಕೂತು ನೋಡ್ಲಿ, ಹಿಡಿಸಿದ್ರೆ ಸೇರ್ಲಿ ಅಂತ. ಅದನ್ನ ಯಾವ ಟೀಚರ ತಲೆಗೆ ಕಟ್ಟೋದು? ಎಷ್ಟು ಹೇರಿದ್ರೂ ಬಿಟ್ಟುಹೋಗದೋರನ್ನ ಗುರುತಿಸೋದು ಹೇಗೆ? ಮೀಟಿಂಗಲ್ಲಿ ಎಲ್ರೂ ನನ್ನ ಮುಖ ನೋಡಿದ್ರು. ನನ್ನ ತಂಡದೋರು ಒಂದು ತಿಂಗಳು ತಲೆ ಕೆಡಿಸ್ಕೊಂಡಿದ್ರು, ಏನೂ ಸಿಕ್ಕಿರ್ಲಿಲ್ಲ. ನಂಗೆ ಕೂತಲ್ಲೇ ಹೊಳೀತು. ಮಗು ತಡವಾಗಿ ಬಂದ್ರೆ ತಾವೇ ಸಾರಿ ಅನ್ನೋರು. ಗಂಟೆ ಮುಗಿದ್ಮೇಲೂ ಹತ್ತು ನಿಮಿಷ ಕೂರೋರು. ಜ್ವರ ಅಂತ ಒಂದಿನಾನೂ ರಜಾ ಹಾಕದೋರು, ಒಂದು ದೂರೂ ಬರೆಯದೋರು. ಇಂಥೋರು ಯಾವತ್ತೂ ಇಲ್ಲ ಅನ್ನಲ್ಲ ಅಂದೆ. ಭೇಷ್ ಅಂದ್ರು. ಹೇಗೆ ಹೊಳೀತು ಅಂತ ಕೇಳಿದ್ರು. ಅನುಭವ ಅಂದೆ.

ಹೂಂ. ನಿನ್ನನ್ನೇ ನೆನೆಸ್ಕೊಂಡು ಹೇಳಿದ್ದು.

ಪಟ್ಟಿ ಬಂದಾಗ ನಿನ್ನ ಹೆಸರೂ ನೋಡ್ದೆ. ತೆಗೀಬಹುದಿತ್ತು. ಒಬ್ಬಳನ್ನೇ ತೆಗೆದ್ರೆ ಯಾಕೆ ಅಂತ ಕೇಳ್ತಾರಲ್ಲ ಅಂತ... ಇಲ್ಲ, ಅದೂ ಸುಳ್ಳು. ಯಾರೂ ಕೇಳ್ತಿರ್ಲಿಲ್ಲ. ಅಕ್ಕ ಹೇಗೂ ಸಹಿಸ್ಕೋತಾಳೆ ಅಂದ್ಕೊಂಡೆ, ಅಷ್ಟೇ. ಚಿಕ್ಕೋಳಿದ್ದಾಗಿಂದ ನನ್ನ ಪಾಲಿನ ಕೆಲಸಾನೂ ನೀನೇ ಮಾಡ್ತಿದ್ಯಲ್ಲ, ಅದೇ ಅಭ್ಯಾಸ ನಂಗೆ. ಗಂಟಲೇ ಬಿದ್ದು ಹೋಗುತ್ತೆ ಅಂತ ನಂಗೆ ತೋಚಲಿಲ್ಲ. ಹನ್ನೊಂದು ಅನ್ನೋದು ನಮ್ಮ ಚಾರ್ಟಲ್ಲಿ ಬರೀ ಒಂದು ಚುಕ್ಕೆ ಕಣೇ.

ಬೈ ಅಕ್ಕ. ಬರೆದು ಬೈ. ಇಲ್ಲ, ಕೆನ್ನೆಗೆ ಒಂದು ಬಾರಿಸು, ನಂಗೂ ಹಗುರಾಗುತ್ತೆ. ಯಾಕೆ ಎದ್ದೆ? ಎಲ್ಲಿಗೆ? ಆಚೆ ಹೋಗು ಅಂತಾನಾ? ಹೋಗ್ತೀನಿ, ಹಾಗಾದ್ರೂ ಅನ್ನು...

ತಟ್ಟೆ ಯಾರಿಗೆ? ನಂಗಾ? ಬೇಡ. ಹಸಿವಿಲ್ಲ ಅಕ್ಕ, ಬಡಿಸ್ಬೇಡ. ಬಡಿಸ್ಬೇಡ ಅಂದ್ನಲ್ಲ...

ಇಷ್ಟೆಲ್ಲ ಕೇಳಿದ್ಮೇಲೂ ಬಡಿಸ್ತೀಯಲ್ಲ... ಅವತ್ತು ಮೀಟಿಂಗಲ್ಲಿ ನಾನು ಹೇಳಿದ್ದು ಇದನ್ನೇ ಅಕ್ಕ.